ಹೊಸ ಎಂಜಿನ್‌ಗಾಗಿ ಹತ್ತು ಗಂಟೆ ಹೂಂಗುಟ್ಟಿದ್ದು

ಗುಡುಗಣ್ಣನಿಗೆ ಮೆಕ್ಯಾನಿಕ್‌ನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರುವ ಲಕ್ಷಣವೂ ಇಲ್ಲ. ದೋಣಿಯ ಹಳೆಯ ಎಂಜಿನ್ ಸತ್ತ ದಿನ ಆ ಮನುಷ್ಯ ಅದರ ಹೊಟ್ಟೆ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿ, ಗೆರೆ ಬಿದ್ದು ಕಪ್ಪಾದ ಪಿಸ್ಟನ್ನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ತಾನಾಗಿ ಸತ್ತದ್ದಲ್ಲ ಅಣ್ಣ. ತಂದ ದಿನವೇ ನೀವು ಕೊಂದಿದ್ದೀರಿ. ಇಷ್ಟು ವರ್ಷ ಹೇಗೋ ಜೀವ ಹಿಡಿದುಕೊಂಡಿತ್ತು, ಪಾಪ" ಎಂದುಬಿಟ್ಟ. ಎಂದದ್ದಾದರೂ ಯಾರೆದುರಿಗೆ? ಹೆಂಡತಿಯ ಎದುರಿಗೆ! ಇಂಥ ಮಾತನ್ನು ಗಂಡಸಿಗೆ ಹೇಳುವುದಾದರೆ ಕಿವಿಯಲ್ಲಿ ಹೇಳಬೇಕು, ಇಲ್ಲವೇ ಹೇಳಬಾರದು. (ಹೇಳದಿರುವುದೇ ಉತ್ತಮ ಎಂಬುದು ಗುಡುಗಣ್ಣನ ಪಕ್ಷ.)

ಕೊಂದದ್ದು ನಿಜವೋ ಸುಳ್ಳೋ ಎಂಬುದು ಬೇರೆ ವಿಷಯ. ಹನ್ನೊಂದು ವರ್ಷದ ಹಿಂದೆ, ಎಂಜಿನ್ ತಂದ ದಿನವೇ, ಯಾವನೋ ಒಬ್ಬ ಬೋಟಿನವನು ಹಿಂದೆ ಹಾಕಿ ಹಲ್ಲು ಕಿರಿದನೆಂದು ವೇಗದ ಹಿಡಿಯನ್ನು ಪೂರ್ತಿ ತಿರುವಿ ಹೊಳೆಯ ಉದ್ದಕ್ಕೂ ಅಟ್ಟಿಸಿಕೊಂಡು ಹೋದದ್ದು ಹೌದು. ಅವನನ್ನು ಹಿಂದೆ ಹಾಕಿದ್ದೂ ಹೌದು. ಎಂಜಿನ್ನಿನಿಂದ ಹೊಗೆ ಬಂದದ್ದೂ ಹೌದು. ಆದರೆ ಗೆದ್ದದ್ದನ್ನು ಬಿಟ್ಟು ಹೊಗೆಯನ್ನೇ ಎತ್ತಿ ಆಡುವುದು ಯಾವ ಊರಿನ ನ್ಯಾಯ?

ಆ ಹಳೆಯ ಎಂಜಿನ್ನಿನ ಆರ್ಭಟದ ಮೇಲೆ ಮಾತಾಡಿ ಮಾತಾಡಿಯೇ ಅವನಿಗೆ ಗುಡುಗಣ್ಣ ಎಂಬ ಬಿರುದು ಬಂದದ್ದು. ಮನೆಯಲ್ಲಿ ಅವನು "ಒಂದು ಲೋಟ ಚಹಾ" ಎಂದರೆ ಪಕ್ಕದ ಬೀದಿಯಲ್ಲಿ ಮೂವರು ಒಲೆಯ ಮೇಲೆ ನೀರಿಡುತ್ತಿದ್ದರು. ಎಂಜಿನ್ ಸತ್ತ ಮೇಲೆ ಮೂರು ತಿಂಗಳು ದೋಣಿ ದಡದಲ್ಲಿ, ಇವನು ಮನೆಯಲ್ಲಿ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸಂಸಾರ ಎಳೆಯುವ ಹೊಲಿಗೆಯಕ್ಕ. ಸುಮ್ಮನೆ ಕೂತ ಗಂಡನನ್ನು ನೋಡಲಾರದೆ ಆಕೆ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ಕೊಟ್ಟಳು. ಮೆಕ್ಯಾನಿಕ್‌ನನ್ನು ನೆನೆಸಿಕೊಂಡು ಹಚ್ಚಿದ ಗುಂಡಿಗಳು ಅವು. ಬಟ್ಟೆ ಹರಿಯುತ್ತಿತ್ತೇ ಹೊರತು ಗುಂಡಿ ಕದಲುತ್ತಿರಲಿಲ್ಲ. ಗಿರಾಕಿಗಳು ದೂರು ತರತೊಡಗಿದರು.

ಅಷ್ಟರಲ್ಲಿ ಆಚೆ ದಡದ ಆಸ್ಪತ್ರೆಯಿಂದ ಒಂದು ಸುದ್ದಿ ಬಂತು. ಈ ದಡದಿಂದ ದಿನವೂ ಹೋಗಿಬರುವ ನರ್ಸುಗಳಿಗೆ ಮೂರು ವರ್ಷಕ್ಕೆ ಒಂದು ದೋಣಿ ಗೊತ್ತುಮಾಡುತ್ತಾರಂತೆ. ಸೋಮವಾರ ಬೆಳಿಗ್ಗೆ ಏಳಕ್ಕೆ ದೊಡ್ಡ ನರ್ಸಮ್ಮನೇ ಬಂದು ಕೂತು ನೋಡುತ್ತಾರಂತೆ. ತುಂಬಿದ ದೋಣಿ ಕಾಲು ಗಂಟೆಯೊಳಗೆ ಹೊಳೆ ದಾಟಿದರೆ ಕೆಲಸ. ಇಲ್ಲವಾದರೆ ಸೇತುವೆ ಸುತ್ತಿಕೊಂಡು ಬರುವ ಬಸ್ಸು. ಗುಡುಗಣ್ಣನ ಪಾಲಿಗೆ ಇದು ಒಂದೋ ಹೊಳೆ, ಇಲ್ಲವೇ ಜನ್ಮವಿಡೀ ಗುಂಡಿ.

ಹೊಸ ಎಂಜಿನ್ ಮನೆಗೆ ಬಂದದ್ದು ಶುಕ್ರವಾರ ಸಂಜೆ. ಗುಡುಗಣ್ಣ ಪೆಟ್ಟಿಗೆ ಒಡೆದು ಎಂಜಿನ್ನಿನ ಬೆನ್ನು ಸವರುತ್ತಿದ್ದರೆ, ಹೊಲಿಗೆಯಕ್ಕ ಪೆಟ್ಟಿಗೆಯ ತಳದಲ್ಲಿದ್ದ ಪುಸ್ತಕ ಹೆಕ್ಕಿಕೊಂಡು ದೀಪದ ಕೆಳಗೆ ಕೂತಳು.

"ರೀ, ಇಲ್ಲಿ ಕೇಳಿ. ಮೊದಲ ಹತ್ತು ಗಂಟೆ ಪೂರ್ತಿ ಜೋರು ಬಿಡಬಾರದಂತೆ. ಅದರಲ್ಲೂ ಮೊದಲನೇ ಗಂಟೆ ನಡ್ಕೊಂಡು ಹೋದ ಹಾಗೆ ಹೋಗಬೇಕಂತೆ."

"ನಡ್ಕೊಂಡು ಹೋಗೋಕೆ ಎಂಜಿನ್ ಯಾಕೆ? ಕಾಲಿಲ್ವಾ?"

"ಒಂದೇ ವೇಗದಲ್ಲೂ ಬಿಡಬಾರದಂತೆ. ಸ್ವಲ್ಪ ಏರಿಸೋದು, ಸ್ವಲ್ಪ ಇಳಿಸೋದು. ಒಳಗಿನ ಸಾಮಾನೆಲ್ಲ ಒಂದಕ್ಕೊಂದು ಹೊಂದಿಕೊಳ್ಳೋ ತನಕ."

"ನಮಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಹೊಂದಿಕೊಂಡ್ವಾ? ಆದ್ರೂ ಸಂಸಾರ ಓಡ್ತಾ ಇಲ್ವಾ?"

"ನಿಮಗೆ ಮೊದಲ ಹತ್ತು ಗಂಟೆ ಯಾರೂ ಲಗಾಮು ಹಾಕಲಿಲ್ಲ. ಅದಕ್ಕೇ ಈ ಸದ್ದು" ಎಂದಳು ಆಕೆ, ತಲೆ ಎತ್ತದೆ. "ನಾನು ಹೊಸ ಮಿಷನ್ ತಂದಾಗ ಒಂದು ವಾರ ಬರೀ ಹಳೇ ಬಟ್ಟೆ ಮೇಲೆ ಓಡಿಸ್ಲಿಲ್ವಾ? ನಾಳೆ, ನಾಡಿದ್ದು, ಎರಡು ದಿನ ನಾನೂ ಬರ್ತೀನಿ. ಈ ಎಂಜಿನ್ನಲ್ಲಿ ಅರ್ಧ ನನ್ನ ಹೊಲಿಗೆ ದುಡ್ಡಿನದು. ನನ್ನರ್ಧ ನಾನು ಕಾಯ್ತೀನಿ."

"ಯಾವ ಅರ್ಧ ನಿಂದು?"

"ನಿಲ್ಲಿಸೋ ಅರ್ಧ."

ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಬಿಟ್ಟರೆ ದೋಣಿಯ ಕಡೆ ತಲೆ ಹಾಕದವಳು ಶನಿವಾರ ಬೆಳಿಗ್ಗೆ ಅಡುಗೆಮನೆಯ ಗಡಿಯಾರವನ್ನು ಗೋಡೆಯಿಂದ ಇಳಿಸಿ ಬಗಲಲ್ಲಿಟ್ಟುಕೊಂಡು, ನೋಟುಪುಸ್ತಕ, ಪೆನ್ಸಿಲ್ ಸಮೇತ ದೋಣಿಕಟ್ಟೆಗೆ ಬಂದಳು. ದೋಣಿ ಅಲುಗಿದ ಕೂಡಲೇ ಒಂದು ಕೈಯಲ್ಲಿ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ಈ ಹೊಸ ಎಂಜಿನ್ನಿಗೆ ಒಂದು ಕೆಂಪು ಹುರಿ ಇತ್ತು. ಅದರ ಒಂದು ತುದಿಯ ಕೊಕ್ಕೆ ಎಂಜಿನ್ ನಿಲ್ಲಿಸುವ ಗುಂಡಿಯ ಕೆಳಗೆ. ಇನ್ನೊಂದು ತುದಿ ನಡೆಸುವವನ ಮಣಿಕಟ್ಟಿಗೆ. ಅಂಬಿಗ ನೀರಿಗೆ ಬಿದ್ದರೆ ಹುರಿ ಜಗ್ಗಿ, ಕೊಕ್ಕೆ ಕಳಚಿ, ಎಂಜಿನ್ ಗಪ್ಪನೆ ನಿಲ್ಲಬೇಕು ಎಂದು ಯಾವನೋ ಪುಣ್ಯಾತ್ಮ ಕಂಡುಹಿಡಿದದ್ದು. (ಆ ಪುಣ್ಯಾತ್ಮನಿಗೆ ಮದುವೆ ಆಗಿರಲಿಲ್ಲ ಎಂದು ಗುಡುಗಣ್ಣನ ಅನುಮಾನ.) ಹುರಿಯನ್ನು ಅವನು ಗತ್ತಿನಿಂದ ಬಲಗೈಗೆ ಸಿಕ್ಕಿಸಿಕೊಂಡು, ಎಂಜಿನ್ ಎಬ್ಬಿಸುವ ಹಗ್ಗ ಎಳೆದ. ಎಂಜಿನ್ ಮೊದಲ ಎಳೆತಕ್ಕೇ ಶುರುವಾಯಿತು. ಸದ್ದೇ ಇಲ್ಲ! ಬೆಕ್ಕು ಮಡಿಲಲ್ಲಿ ಮಲಗಿ ಗುರುಗುಟ್ಟಿದಂತೆ.

ನಡಿಗೆಯ ವೇಗದಲ್ಲಿ ಹತ್ತು ನಿಮಿಷ ಹೋದರು. ಬಾತುಕೋಳಿಗಳು ದಾಟಿ ಹೋದವು. ಗುಡುಗಣ್ಣ ಹಲ್ಲು ಕಚ್ಚಿದ. ತೇಲಿ ಬಂದ ಒಂದು ಕೊರಡು ದಾಟಿ ಹೋಯಿತು. ಆಗಲೂ ಹಲ್ಲು ಕಚ್ಚಿದ. ಆಮೇಲೆ ಹಿಂದಿನಿಂದ ಹುಟ್ಟಿನ ಸದ್ದು ಕೇಳಿಸಿತು. ಹೆಂಡತಿಯ ತಮ್ಮ; ಎಂಜಿನ್ನನ್ನೇ ನಂಬದ ಆಸಾಮಿ. ಹದಿನಾಲ್ಕು ಮೂಟೆ ಆಲೂಗಡ್ಡೆ ಹೇರಿಕೊಂಡು, ಬೆವರನ್ನೂ ಹರಿಸದೆ, ಪಕ್ಕಕ್ಕೆ ಬಂದ.

"ಏನಕ್ಕಾ, ಹವಾ ಸೇವನೆಯಾ? ಭಾವ, ಹೊಸ ಎಂಜಿನ್ ತಂದಿದ್ದೀರಂತೆ? ಯಾವಾಗ ಹಾಕ್ತೀರಿ?"

ಹಾಕ್ತೀರಿ! ಗುಡುಗಣ್ಣನ ಕಿವಿ ಕೆಂಪಾಯಿತು. ಕೈ ತಾನಾಗಿ ಹಿಡಿ ತಿರುವಿತು. ದೋಣಿ ಮೂಗೆತ್ತಿ ಜಿಗಿದದ್ದೇ ತಡ, ಹೊಲಿಗೆಯಕ್ಕ ಕೊಕ್ಕೆಯನ್ನು ಕಿತ್ತಳು. ಎಂಜಿನ್ ಸತ್ತಿತು. ಮೈದುನ ಸೀಟಿ ಹಾಕುತ್ತ ಮುಂದೆ ಹೋದ.

"ಏನೇ ಇದು!"

"ಕೈ ಈ ಕಡೆ ಕೊಡಿ" ಎಂದು ಆಕೆ ಹುರಿಯನ್ನು ಅವನ ಮಣಿಕಟ್ಟಿನಿಂದ ಬಿಚ್ಚಿ ತನ್ನದಕ್ಕೆ ಹಾಕಿಕೊಂಡಳು. "ಈ ಕೈ ನಂಬಿ ಒಂದು ಎಂಜಿನ್ ಕಳ್ಕೊಂಡದ್ದು ಸಾಕು. ಈಗ ಹೊರಡಿ."

ತೊಂದರೆ ಶುರುವಾದದ್ದು ಅಲ್ಲಿಂದ. ಹೊಲಿಗೆಯಕ್ಕ ಕೈಯಲ್ಲಿ ಮಾತಾಡುವ ಹೆಂಗಸು. ಬಾಯಿ ಒಂದು ಮಾತು ಹೇಳುವಷ್ಟರಲ್ಲಿ ಕೈ ನಾಲ್ಕು ಹೇಳಿ ಮುಗಿಸುತ್ತದೆ. ಅಂಚು ಹಿಡಿದ ಎಡಗೈ ಬಿಡುವಂತಿಲ್ಲ. ಹಾಗಾಗಿ ಮಾತಿನ ಭಾರವೆಲ್ಲ ಹುರಿ ಕಟ್ಟಿದ ಬಲಗೈಯ ಮೇಲೆ. "ಆ ಪಕ್ಕದ ಮನೆಯವಳು ಬಂದು ಏನಂದಳು ಗೊತ್ತಾ?" ಎಂದು ಕೈ ಎತ್ತಿದಳು. ಟಕ್. ಎಂಜಿನ್ ನಿಂತಿತು. ಗುಡುಗಣ್ಣ ಕೊಕ್ಕೆ ಸಿಕ್ಕಿಸಿ ಹಗ್ಗ ಎಳೆದ. "ಅಲ್ಲಾ, ಅವಳ ಏಣಿ ನಾವು ತಂದು ಎರಡು ವರ್ಷ ಆಯ್ತಂತೆ." ಟಕ್. ಮತ್ತೆ ಹಗ್ಗ. "ಆಯ್ತಲ್ವಾ ಮತ್ತೆ?" ಟಕ್.

"ಕೈ ಕೆಳಗಿಟ್ಟು ಮಾತಾಡೇ!"

"ಕೈ ಕೆಳಗಿಟ್ಟು ಹೇಗ್ರೀ ಮಾತಾಡೋದು?" ಎಂದು ಆಕೆ ಅಚ್ಚರಿಯಿಂದ ಕೈ ಎತ್ತಿದಳು. ಟಕ್.

ಒಂಬತ್ತನೆಯ ಸಲ ಹಗ್ಗ ಎಳೆಯುವಾಗ ಭುಜದೊಳಗೆ ಏನೋ ಕರಕ್ ಎಂದಿತು. ಜೊತೆಗೇ ತಲೆಯೊಳಗೆ ಒಂದು ಮಹಾಜ್ಞಾನ ಉದಯಿಸಿತು. ಈಕೆಯ ಕೈ ಯಾವಾಗ ಏರುತ್ತದೆ? ಎದುರು ಮಾತಾಡಿದಾಗ. ಎದುರು ಮಾತೇ ಇಲ್ಲದಿದ್ದರೆ ಕೈ ಏರುವುದಿಲ್ಲ. ಕೈ ಏರದಿದ್ದರೆ ಎಂಜಿನ್ ನಿಲ್ಲುವುದಿಲ್ಲ. ಎಂಜಿನ್ ನಿಲ್ಲದಿದ್ದರೆ ಸೋಮವಾರಕ್ಕೆ ಹತ್ತು ಗಂಟೆ. ಹೀಗೆ ಮಹಾಕೋಪಿಷ್ಠ ಗುಡುಗಣ್ಣ, ಹೊಳೆಯ ನಟ್ಟನಡುವೆ, ಪ್ರಪ್ರಥಮ ಬಾರಿಗೆ ಹೂಂಗುಟ್ಟಿದ.

"ಏಣಿ ವಾಪಸ್ ಕೊಡಬೇಕು."

"ಹೂಂ."

"ನೀವೇ ಹೊತ್ಕೊಂಡು ಹೋಗಿ ಕೊಡಬೇಕು."

"...ಹೂಂ."

ಆಕೆ ಅನುಮಾನದಿಂದ ಗಂಡನ ಮುಖ ನೋಡಿದಳು. ಜ್ವರ ಬಂದಿದೆಯೇ? ಕೈ ಮಾತ್ರ ಮಡಿಲಲ್ಲೇ ಇತ್ತು. ಎಂಜಿನ್ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತು.

ಸಿಕ್ಕಿದ ಅವಕಾಶ ಬಿಡುವವಳಲ್ಲ ಆಕೆ. ಅಡುಗೆಮನೆಯ ಗೋಡೆಗೆ ಬಣ್ಣ ಹೊಡೆಯುವುದು ಹೂಂ. ತನ್ನ ಅಕ್ಕನ ಮನೆಗೆ ಹೋಗಿ ಎರಡು ದಿನ, ಮುಖ ಗಂಟಿಕ್ಕದೆ, ಇದ್ದು ಬರುವುದು ಹೂಂ. ("ಮುಖ ಗಂಟಿಕ್ಕದೆ" ಎಂಬಲ್ಲಿ ಹೂಂ ಸ್ವಲ್ಪ ತಡವಾಯಿತು, ಕೈ ಅರ್ಧ ಏರಿತ್ತು.) ಮಂಚದ ಪಕ್ಕ ಮಲಗಿಸಿ, ಮೇಲೆ ದುಪ್ಪಟಿ ಹೊದಿಸಿ, ಮನೆಗೆ ಬಂದವರೆಲ್ಲ ಯಾರೋ ನೆಂಟರು ಮಲಗಿದ್ದಾರೆಂದು ಪಿಸುಗುಟ್ಟುವಂತೆ ಮಾಡಿದ್ದ ಸತ್ತ ಎಂಜಿನ್ನನ್ನು ಗುಜರಿಗೆ ಹಾಕುವುದು, ಅದಕ್ಕೂ ಕಣ್ಣು ಮುಚ್ಚಿಕೊಂಡು ಹೂಂ. ಒಂದಕ್ಕೆ ಮಾತ್ರ ಆಗಲಿಲ್ಲ.

"ಮೆಕ್ಯಾನಿಕ್ ಅಂಗಡಿಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಏನೂ ಮಾತಾಡಬೇಡಿ. ಬರೀ ಚಹಾ."

"ಅದೊಂದು ಆಗಲ್ಲ."

ಟಕ್.

"ನೂರು ಸಲ ನಿಲ್ಸು. ಆಗಲ್ಲ!" ಆ ಗುಡುಗಿಗೆ ಜೊಂಡಿನೊಳಗಿನ ಹಕ್ಕಿಗಳೆಲ್ಲ ಎದ್ದುಹೋದವು. ಆಕೆ ಆ ವಿಷಯ ಬಿಟ್ಟಳು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಎಲ್ಲಿ ಹೊಲಿಗೆ ಕೂರುತ್ತದೆ, ಎಲ್ಲಿ ಸೂಜಿ ಮುರಿಯುತ್ತದೆ ಎಂಬುದು ಆಕೆಗೆ ಗೊತ್ತು.

ಭಾನುವಾರ ಮಧ್ಯಾಹ್ನ, ಎಂಟನೆಯ ಗಂಟೆಯಲ್ಲಿ, ಹೊಲಿಗೆಯಕ್ಕ ಬಹಳ ಹೊತ್ತು ಮಾತಾಡದೆ ಕೂತಳು. ಬುತ್ತಿಯ ಬ್ರೆಡ್ಡು ಮುಗಿದಿತ್ತು. ನೀರು ಕನ್ನಡಿಯಂತಿತ್ತು. ಗುಡುಗಣ್ಣನೇ ಕೆಣಕಿದ.

"ಯಾಕೆ ಸುಮ್ನಾದೆ? ಹೂಂ ಅನ್ನೋಕೆ ಏನಾದ್ರೂ ಹೇಳು."

"ನನಗೆ ನೀರು ಅಂದ್ರೆ ಭಯ ರೀ" ಎಂದಳು ಆಕೆ.

"ಏನು?"

"ಮದುವೆಯಾದ ಹೊಸತರಲ್ಲಿ ಒಂದು ಸಲ ಆಚೆ ದಡಕ್ಕೆ ಕರ್ಕೊಂಡು ಹೋಗಿದ್ರಲ್ಲ. ಅವತ್ತೇ ಹೇಳಿದ್ದೆ, ಇಲ್ಲೇ, ಹೊಳೆ ಮಧ್ಯದಲ್ಲಿ. ಆಗ ಇದ್ದ ಎಂಜಿನ್ ಸದ್ದಿಗೆ ನಿಮಗೆ ಕೇಳಿಸಲಿಲ್ಲ. ನಕ್ಕೊಂಡು ಇನ್ನೂ ಜೋರು ಬಿಟ್ರಿ. ಅದಕ್ಕೇ ಆಮೇಲೆ ಬರಲಿಲ್ಲ."

ಗುಡುಗಣ್ಣ ಇಷ್ಟು ವರ್ಷ, ದೋಣಿ ಅಂದರೆ ಈಕೆಗೆ ತಾತ್ಸಾರ, ಅಂಬಿಗನ ಹೆಂಡತಿ ಅನ್ನಿಸಿಕೊಳ್ಳಲು ನಾಚಿಕೆ ಎಂದುಕೊಂಡಿದ್ದ. ಆ ಲೆಕ್ಕದ ಮೇಲೆ ಎಷ್ಟು ಜಗಳ ಕಾಯ್ದಿದ್ದ! ಪುಸ್ತಕ ಹೇಳದಿದ್ದರೂ, ಗಡಿಯಾರ ನೋಡದೆ, ಅವನ ಕೈ ಹಿಡಿಯನ್ನು ಸ್ವಲ್ಪ ಇಳಿಸಿತು.

"ಭಯ ಇದ್ದವಳು ಈಗ ಯಾಕೆ ಬಂದೆ?"

"ಈ ಎಂಜಿನ್ನೂ ಸತ್ರೆ ನಿಮ್ಮ ಕೈಲಿ ಇನ್ನೂ ಗುಂಡಿ ಹಾಕಿಸಬೇಕಲ್ಲ, ಆ ಭಯ ಇದಕ್ಕಿಂತ ದೊಡ್ಡದು."

ಗುಡುಗಣ್ಣ ನಕ್ಕ. ನಕ್ಕ ಸದ್ದಿಗೆ ಆಕೆಯೂ ನಕ್ಕು ಎರಡೂ ಕೈ ಎತ್ತಿದಳು. ಟಕ್. ಅಂಚಿನಿಂದ ಎಡಗೈಯೂ ಬಿಟ್ಟಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ಇವನಿಗೆ ಗೊತ್ತಾಯಿತು, ಹೇಳಲಿಲ್ಲ. ಸಂಜೆ ಅಡುಗೆಮನೆಯ ಗಡಿಯಾರ ಹತ್ತನೆಯ ಗಂಟೆ ಮುಗಿಯಿತೆಂದಾಗ ಆಕೆ ನೋಟುಪುಸ್ತಕದಲ್ಲಿ ಹತ್ತು ಎಂದು ಬರೆದು, ಕೆಳಗೆ ಸಹಿ ಹಾಕಿದಳು.

ಒಳ್ಳೆಯ ಬುದ್ಧಿ ಎಷ್ಟು ಹೊತ್ತು ನಿಲ್ಲುತ್ತದೆ? ಸೋಮವಾರ ಬೆಳಿಗ್ಗೆ ಗುಡುಗಣ್ಣ ಇಸ್ತ್ರಿ ಅಂಗಿ ಹಾಕಿ, ಹುರಿಯನ್ನು ತನ್ನ ಕೈಗೇ ಸಿಕ್ಕಿಸಿಕೊಂಡ. "ಇವತ್ತು ನೀನು ಕಟ್ಟೆ ಮೇಲೆ ನಿಂತು ನೋಡು. ಇದು ಅಂಬಿಗನ ಕೆಲಸ."

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಜನ ಅಂತಾರೆ. ಅಂಬಿಗನೇ ಹಾಗಂದ್ರೆ ಇನ್ನು ಯಾರಿಗೆ ಹೇಳೋದು?" ಎಂದು ಆಕೆ ನಿಟ್ಟುಸಿರುಬಿಟ್ಟು ನಿಂತಳು.

ದೊಡ್ಡ ನರ್ಸಮ್ಮ ಆರು ನರ್ಸುಗಳೊಂದಿಗೆ ಏಳಕ್ಕೆ ಸರಿಯಾಗಿ ಬಂದರು. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರ. ಮುಖದಲ್ಲಿ ಸೂಜಿಮದ್ದು ಕೊಡುವಾಗಿನ ಶಾಂತಿ. ದೋಣಿಯಲ್ಲಿ ಕೂತವರನ್ನು ಎಣಿಸಿ ನೋಡಿ, "ಎಂಟು ಜನ ಇರಬೇಕು. ನಾವು ಏಳೇ ಇದ್ದೀವಿ. ಏನಮ್ಮಾ, ನೀವೂ ಕೂತ್ಕೊಳ್ಳಿ" ಎಂದು ಹೊಲಿಗೆಯಕ್ಕನನ್ನೇ ಕರೆದರು. "ನೆನಪಿರಲಿ, ಹದಿನೈದು ನಿಮಿಷ."

ದೋಣಿ ಕಟ್ಟೆ ಬಿಟ್ಟಿತು. ಗುಡುಗಣ್ಣ ಹಿಡಿಯನ್ನು ಮೆಲ್ಲಗೆ, ಆಮೇಲೆ ಪೂರ್ತಿ ತಿರುವಿದ. ಆಹಾ! ಎಂಜಿನ್ ಒಂದೇ ಸ್ವರದಲ್ಲಿ ಹಾಡಿತು. ದೋಣಿ ಒಂಬತ್ತು ಜನರನ್ನು ಹೊತ್ತು ಎಲೆಯಂತೆ ಹಾರಿತು. ಹತ್ತು ಗಂಟೆಯ ಹೂಂಗುಟ್ಟುವಿಕೆ ಸಾರ್ಥಕವಾಯಿತೆಂದು ಅವನ ಕಣ್ಣಲ್ಲಿ ನೀರೇ ಬಂತು. ನರ್ಸೊಬ್ಬಳು "ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದದ್ದೂ ಕೇಳಿಸಿತು. ಎಲ್ಲ ಸರಿಯಾಗಿತ್ತು, ಆಲೂಗಡ್ಡೆಯವನು ಎದುರಾಗುವ ತನಕ.

"ಭಾವಾ! ಅಕ್ಕನ್ನ ಕೇಳಿ ಜೋರು ಬಿಟ್ರಾ?"

"ಲೇ, ನಿನ್ನ..." ಎಂದು ಗುಡುಗಣ್ಣ ಬಲಗೈ ಮುಷ್ಟಿ ಕಟ್ಟಿ ಆಕಾಶಕ್ಕೆತ್ತಿದ. ಟಕ್.

ಹೊಳೆಯ ಮಧ್ಯದಲ್ಲಿ ಎಂಥ ನಿಶ್ಶಬ್ದ! ಮೈದುನನ ನಗು ಮಾತ್ರ ನೀರಿನ ಮೇಲೆ ಜಾರಿಕೊಂಡು ಬಂತು. ದೊಡ್ಡ ನರ್ಸಮ್ಮ ಗಡಿಯಾರ ಎತ್ತಿ ನೋಡಿದರು. ಗುಡುಗಣ್ಣ ಗಡಿಬಿಡಿಯಲ್ಲಿ ಕೊಕ್ಕೆ ಸಿಕ್ಕಿಸಿ ಹಗ್ಗ ಎಳೆದು, "ಇದು ಎಂಜಿನ್ನಿನ ತಪ್ಪಲ್ಲಮ್ಮಾ" ಎಂದು ವಿವರಿಸಲು ಕೈ ಬೀಸಿದ. ಟಕ್. "ಈ ಹುರಿ ಇದೆ ನೋಡಿ" ಎಂದು ಎತ್ತಿ ತೋರಿಸಿದ. ಟಕ್. ತನ್ನ ಕೈಯ ಮೇಲೇ ಸಿಟ್ಟು ಬಂದು ಅದನ್ನು ತೊಡೆಗೆ ಅಪ್ಪಳಿಸಿದ. ಟಕ್. ಕೈ ಬಿಟ್ಟು ಬಾಯಿಗೆ ಇಳಿದ. ಮೈದುನನಿಗೆ, ಹುರಿಗೆ, ಹುರಿ ಕಂಡುಹಿಡಿದವನಿಗೆ, ಮೆಕ್ಯಾನಿಕ್‌ಗೆ, ಎಲ್ಲರಿಗೂ ಬೈಗುಳ ಸಮವಾಗಿ ಹಂಚಿದ. ನರ್ಸುಗಳು ಕಿವಿ ಮುಚ್ಚಿಕೊಂಡರು. ದೋಣಿ ಮೂಗು ತಿರುಗಿಸಿ ಸೇತುವೆಯ ಕಡೆ, ಅಂದರೆ ಬಸ್ಸಿನ ಕಡೆ, ತೇಲತೊಡಗಿತು.

ಹೊಲಿಗೆಯಕ್ಕ ಕೈ ಮುಂದೆ ಚಾಚಿದಳು, ಅಷ್ಟೆ.

ಗುಡುಗಣ್ಣ ಆ ಕೈ ನೋಡಿದ. ಏಳು ಜೊತೆ ಕಣ್ಣು ತನ್ನ ಮೇಲಿರುವುದನ್ನು ನೋಡಿದ. ಗಂಡಸಿನ ಮರ್ಯಾದೆ ಒಂದು ಕಡೆ, ಮೂರು ವರ್ಷದ ಕೆಲಸ ಒಂದು ಕಡೆ. ಹುರಿ ಬಿಚ್ಚಿ ಆಕೆಯ ಮಣಿಕಟ್ಟಿಗೆ ತಾನೇ ಹಾಕಿ, ಹಗ್ಗ ಎಳೆದ. ಆಮೇಲೆ ದಡ ಮುಟ್ಟುವ ತನಕ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ನೀರಿಗೆ ಹೆದರುವ ಹೆಂಗಸು ಎಂಟು ಜನರ ನಡುವೆ ಮಡಿಲಲ್ಲಿ ಕೈಯಿಟ್ಟು ರಾಣಿಯ ಹಾಗೆ ಕೂತಿದ್ದಳು.

"ಹದಿನೇಳು ನಿಮಿಷ" ಎಂದರು ದೊಡ್ಡ ನರ್ಸಮ್ಮ, ದಡಕ್ಕೆ ಇಳಿದು.

ಗುಡುಗಣ್ಣ ಬಾಯಿ ತೆರೆದ. ಹೊಲಿಗೆಯಕ್ಕ ಕೈಯನ್ನು ಒಂದಿಷ್ಟೇ ಎತ್ತಿದಳು. ಎಂಜಿನ್ ಆಗಲೇ ನಿಂತಿತ್ತು. ಆದರೂ ಅವನ ಬಾಯಿ ಮುಚ್ಚಿಕೊಂಡಿತು. ದೊಡ್ಡ ನರ್ಸಮ್ಮ ಅದನ್ನೂ ಗಮನಿಸಿದರು.

"ಇದರಲ್ಲಿ ದೋಣಿ ಓಡಿದ್ದು ಹನ್ನೊಂದು ನಿಮಿಷ. ಮಿಕ್ಕ ಆರು ನಿಮಿಷ ನೀವು ಕೂಗಾಡಿದ್ದು. ಎಂಜಿನ್ ಪಾಸು. ಅಂಬಿಗ ಫೇಲು." ಅವರು ಹೊಲಿಗೆಯಕ್ಕನ ಕಡೆ ತಿರುಗಿದರು. "ನೀವು ದಿನಾ ಬರೋದಾದ್ರೆ ನಾಳೆಯಿಂದ ಶುರು ಮಾಡಿ. ಇವರು ಒಬ್ಬರೇ ಆದ್ರೆ ಬಸ್ಸೇ ವಾಸಿ."

ಹಾಗಾಗಿ ಆಸ್ಪತ್ರೆಯ ಕಾಗದದಲ್ಲಿ ದೋಣಿ ನಡೆಸುವವರು ಎಂಬಲ್ಲಿ ಹೊಲಿಗೆಯಕ್ಕನ ಹೆಸರಿದೆ. ಮೂವತ್ತು ವರ್ಷ ಹೊಳೆಯ ನೀರು ಕುಡಿದ ಗುಡುಗಣ್ಣನ ಹೆಸರು ಅದರ ಕೆಳಗಿನ ಸಾಲಿನಲ್ಲಿದೆ: ಸಹಾಯಕ. ಆಕೆ ದೋಣಿಯಲ್ಲೇ ನರ್ಸುಗಳ ಬಟ್ಟೆಗೆ ಹೊಲಿಗೆ ಹಾಕುತ್ತಾಳೆ. ಉದ್ದ ದಾರ ಎಳೆದರೆ ಎಂಜಿನ್ ನಿಲ್ಲುತ್ತದಾದ್ದರಿಂದ ಗೇಣುದ್ದದ ದಾರದಲ್ಲೇ ಹೊಲಿಯುವುದನ್ನು ಕಲಿತಿದ್ದಾಳೆ. ಏಣಿ ವಾಪಸ್ ಹೋಯಿತು. ಗೋಡೆಗೆ ಬಣ್ಣ ಬಂತು. ಸತ್ತ ಎಂಜಿನ್ ಗುಜರಿ ಸೇರಿತು. ಮೆಕ್ಯಾನಿಕ್‌ನ ಚಹಾ ಮಾತ್ರ ಕುಡಿದಿಲ್ಲ, ಕುಡಿಯುವುದೂ ಇಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ದೊಡ್ಡ ನರ್ಸಮ್ಮ ಓಡಿದ ನಿಮಿಷ ಬೇರೆ, ನಿಂತ ನಿಮಿಷ ಬೇರೆ ಮಾಡಿದ್ದು ಹೊಲಿಗೆಯಕ್ಕನ ಮನಸ್ಸಿಗೆ ಹತ್ತಿಕೊಂಡಿತು. ಆ ಸೋಮವಾರ ಸಂಜೆಯೇ ನೋಟುಪುಸ್ತಕ ತೆಗೆದು ಕೂತಳು.

"ರೀ, ತಪ್ಪಾಗಿದೆ. ಆ ಎರಡು ದಿನದಲ್ಲಿ ಎಂಜಿನ್ ನಲವತ್ತು ಸಲ ನಿಂತಿತ್ತು. ಗಡಿಯಾರ ನಿಂತಿರಲಿಲ್ಲ. ಸಲಕ್ಕೆ ಅರ್ಧ ನಿಮಿಷ ಅಂದ್ರೂ ಇಪ್ಪತ್ತು ನಿಮಿಷ ಆಯ್ತು. ಹತ್ತು ಗಂಟೆ ಅಂತ ಸಹಿ ಹಾಕಿದ್ದೀನಿ. ಎಂಜಿನ್‌ಗೆ ನಾವು ಇಪ್ಪತ್ತು ನಿಮಿಷ ಬಾಕಿ ಇದ್ದೀವಿ."

"ಎಂಜಿನ್ ಬಂದು ಕೇಳ್ತಾ?" ಎಂದು ಗುಡುಗಣ್ಣ ಗುಡುಗಿದ. ಗುಡುಗಿದರೂ ಭಾನುವಾರ ದೋಣಿ ಬಿಚ್ಚಿದ. ನಡಿಗೆಯ ವೇಗದಲ್ಲಿ, ಏರಿಸಿ ಇಳಿಸಿ, ಜೊಂಡಿನ ಪಕ್ಕದಲ್ಲಿ. ಹನ್ನೆರಡನೆಯ ನಿಮಿಷಕ್ಕೆ ಆಕೆ ಏನೋ ನೆನಪಾಗಿ ಕೈ ಎತ್ತಿದಳು. ಅರ್ಧಕ್ಕೆ ನಿಂತದ್ದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಎಂದು ತೀರ್ಪಾಯಿತು. ಮುಂದಿನ ಭಾನುವಾರ ಒಂಬತ್ತಕ್ಕೇ ನಿಂತಿತು. ಅದರ ಮುಂದಿನ ವಾರ ಹದಿನಾಲ್ಕಕ್ಕೆ.

ಈಗ ಎರಡು ವರ್ಷ. ಮೊನ್ನೆ ಹತ್ತೊಂಬತ್ತನೆಯ ನಿಮಿಷದ ತನಕ ಬಂದುಬಿಟ್ಟಿತ್ತು. ಆಕೆ ನೀರಿನಲ್ಲಿ ಬೆರಳಾಡಿಸುತ್ತ, ಕೈ ಕೆಳಗೇ ಇಟ್ಟುಕೊಂಡು, ಮೆಲ್ಲಗೆ ಏನೋ ಹೇಳುತ್ತಿದ್ದಳು. ಗುಡುಗಣ್ಣ ಗಡಿಯಾರ ನೋಡಿದ. ಆಮೇಲೆ, "ಅಲ್ಲಾ ಕಣೇ, ನಿಮ್ಮ ಅಕ್ಕನಿಗೆ ಅಡುಗೆ ಬರಲ್ಲ ಅಂತ ನಾನು ಹೇಳಿದ್ದು ಸುಳ್ಳಾ?" ಎಂದ.

ಟಕ್.

ಅವನು ಹಗ್ಗ ಎಳೆಯಲು ಹೋಗಲಿಲ್ಲ. ಹುಟ್ಟು ಕೈಗೆತ್ತಿಕೊಂಡು, "ಥತ್, ಇನ್ನೊಂದೇ ನಿಮಿಷ ಇತ್ತು" ಎಂದು ಗೊಣಗುತ್ತ ದೋಣಿಯನ್ನು ನಿಧಾನವಾಗಿ ಮನೆಯ ಕಡೆ ತಿರುಗಿಸಿದ.